ಅಳಿಸಲು ಒಪ್ಪದ ಯಂತ್ರ

ಸೈಯಾನ್ ಆರ್ಗನೈಸರ್ ಎಂದರೆ ನಮ್ಮೂರ ಕಡೆ ಯಾರಿಗೂ ಏನೂ ನೆನಪಾಗುವುದಿಲ್ಲ. ನಾನೀಗ ಇರುವ ಇಂಗ್ಲೆಂಡಿನಲ್ಲಿ ಮಾತ್ರ ಅರವತ್ತರ ಆಸುಪಾಸಿನವರ ಮುಖ ಅರಳುತ್ತದೆ. "ನಮ್ಮ ಆಫೀಸಿನಲ್ಲೂ ಇತ್ತಲ್ಲ ಅದು" ಎನ್ನುತ್ತಾರೆ. ಲಂಡನ್ನಿನ ಸೈಯಾನ್ ಕಂಪನಿ ಆರ್ಗನೈಸರ್ ಎಂಬ ಕೈಗಣಕದ ಮೊದಲ ಮಾದರಿಯನ್ನು 1984ರಲ್ಲಿ ತಂದಿತು. ನನಗೆ ಹುಚ್ಚು ಹಿಡಿಸಿರುವುದು 1986ರ ಎರಡನೆಯದು. ಉದ್ದ ಸುಮಾರು 14 ಸೆಂಟಿಮೀಟರ್, ಅಗಲ 8ಕ್ಕೆ ತುಸು ಕಡಿಮೆ, ದಪ್ಪ 3ರ ಹತ್ತಿರ. ಬ್ಯಾಟರಿ ಸೇರಿ ಕಾಲು ಕೆ.ಜಿ. ತೂಕ. ಕೀಲಿಗಳ ಮೇಲೆ ಜಾರಿ ಬಂದು ಕೂರುವ ಗಟ್ಟಿ ಕವಚ. ಪರದೆಯಲ್ಲಿ ಎರಡೇ ಸಾಲು, ಸಾಲಿಗೆ 16 ಅಕ್ಷರ. ಕೀಲಿಮಣೆ ಟೈಪ್‌ರೈಟರಿನ ಹಾಗಲ್ಲ, ಎ-ಬಿ-ಸಿ-ಡಿ ಕ್ರಮದಲ್ಲಿ. ಒಳಗೆ ಹಿಟಾಚಿಯ 6303ಎಕ್ಸ್ ಎಂಬ 8 ಬಿಟ್ ಪ್ರೊಸೆಸರ್. ವೇಗ ಒಂದು ಮೆಗಾಹರ್ಟ್ಸ್ ಕೂಡ ಇಲ್ಲ, 0.92. ಸಿಎಂ ಮಾದರಿಯಲ್ಲಿ 8 ಕಿಲೋಬೈಟ್ ರ‍್ಯಾಮ್, ಎಕ್ಸ್‌ಪಿ ಮಾದರಿಯ ಬಹುಪಾಲು ಯಂತ್ರಗಳಲ್ಲಿ 32. ಇಷ್ಟಕ್ಕೂ ಅನ್ನ ಹಾಕುವುದು ಒಂದೇ ಒಂದು 9 ವೋಲ್ಟಿನ ಚೌಕ ಬ್ಯಾಟರಿ.

ನನ್ನ ಸಂಬಳದ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಹಾರ್ಡ್‌ವೇರಿನ ಗೀಳು ಹತ್ತಿಸಿಕೊಂಡದ್ದು ಭಾನುವಾರದ ಕಾರ್ ಬೂಟ್ ಸೇಲ್‌ಗಳಲ್ಲಿ. ಬಯಲಿನಲ್ಲಿ ಸಾಲಾಗಿ ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ಮನೆಯಲ್ಲಿ ಬೇಡವಾದದ್ದನ್ನೆಲ್ಲ ಮಾರುವ ಸಂತೆಗಳವು. ನನ್ನ ಮೇಜಿನ ಮೇಲೆ ಇವತ್ತಿಗೂ ಓಡುವ ಯಂತ್ರಗಳಿಗಿಂತ ಬಿಚ್ಚಿಟ್ಟ ಬಿಡಿಭಾಗಗಳೇ ಹೆಚ್ಚು. ಕೆಳಗಿನ ಪಾಠಗಳನ್ನು ಓದುವಾಗ ಅದು ನೆನಪಿರಲಿ.

1. ಪರದೆ ಖಾಲಿಯೆಂದರೆ ಯಂತ್ರ ಸತ್ತಿದೆ ಎಂದಲ್ಲ

ಮೊದಮೊದಲು ಕೊಂಡ ಒಂದು ಯಂತ್ರ ಆನ್ ಒತ್ತಿದರೂ ಏನನ್ನೂ ತೋರಿಸಲಿಲ್ಲ. ನಾನು ಪ್ರೊಸೆಸರ್ ಹೋಗಿದೆ ಎಂದು ತೀರ್ಮಾನಿಸಿ, ಬಿಚ್ಚಿ, ಬೋರ್ಡಿನ ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸಿ ಕರಗಿಸಿ, ಎರಡು ಕಡೆ ಪಕ್ಕಪಕ್ಕದ ಕಾಲುಗಳನ್ನು ಸೇರಿಸಿಯೂ ಬಿಟ್ಟೆ. ಆಮೇಲೆ ತಿಳಿಯಿತು: ಪಕ್ಕದಲ್ಲಿ ಉಗುರಿನಿಂದ ತಿರುಗಿಸುವ ಪುಟ್ಟ ಗಾಲಿಯೊಂದಿದೆ, ಅದು ಪರದೆಯ ಕಾಂಟ್ರಾಸ್ಟ್. ಯಾರದೋ ಚೀಲದಲ್ಲಿ ವರ್ಷಗಟ್ಟಲೆ ಉಜ್ಜಾಡಿ ಅದು ಒಂದು ತುದಿಗೆ ಹೋಗಿ ಕೂತಿತ್ತು. ಬೆಸುಗೆ ಕಡ್ಡಿ ತೆಗೆಯುವ ಮುಂಚೆ ಕಿವಿ ಕೊಟ್ಟಿದ್ದರೂ ಸಾಕಿತ್ತು. ತಪ್ಪು ಕೀಲಿ ಒತ್ತಿದಾಗ ಪಾಪ ಅದು ಬೀಪ್ ಅನ್ನುತ್ತಲೇ ಇತ್ತು.

ಈ ಪರದೆಯ ವಿಷಯದಲ್ಲಿ ಒಂದು ಸಮಾಧಾನವಿದೆ. ಇದನ್ನು ನಡೆಸುವುದು ಹಿಟಾಚಿಯ 44780 ಮನೆತನದ ಕಂಟ್ರೋಲರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಾಲೇಜು ಹುಡುಗರು ಪ್ರಾಜೆಕ್ಟಿಗೆಂದು ಕೊಳ್ಳುವ ಎರಡು ಸಾಲಿನ ಪರದೆ ಇದೆಯಲ್ಲ, ಅದು ಕೇಳುವ ಆಜ್ಞೆಗಳೂ ಇವೇ. ಹಾಗಾಗಿ ಎಂಜಿನಿಯರಿಂಗ್ ಓದುವಾಗ ಬರೆದುಕೊಂಡ ಹಳೆಯ ನೋಟ್ಸು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂತು. ಓದಿದ್ದರಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ ಇರಬೇಕು.

2. ಬ್ಯಾಟರಿ ಸೋರಿದ್ದರೆ, ಸೋರಿದ್ದು ಆಮ್ಲವೋ ಕ್ಷಾರವೋ ನೋಡಿ

ಹಳೆಯ ಕೈಗಣಕಗಳ ಸಾವಿಗೆ ಮೊದಲ ಕಾರಣ ಒಳಗೇ ಮರೆತುಹೋದ ಬ್ಯಾಟರಿ. ಗೂಡಿನಲ್ಲಿ ಬಿಳಿ ಹಿಟ್ಟು, ಹಸಿರು ಕಲೆ. ಯಾರೋ ಅಡುಗೆ ಸೋಡಾ ಹಚ್ಚು ಎಂದರು, ಹಚ್ಚಿದೆ. ಕಾರಿನ ಬ್ಯಾಟರಿಗೆ ಅದು ಸರಿ, ಅಲ್ಲಿರುವುದು ಆಮ್ಲ. ಆಲ್ಕಲೈನ್ ಬ್ಯಾಟರಿಯಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಪ್ಪಟ ಕ್ಷಾರ. ಕ್ಷಾರದ ಮೇಲೆ ಸೋಡಾ ಹಾಕಿ ತಿಕ್ಕುತ್ತಾ ಕೂತರೆ ಏನಾದೀತು? ಏನೂ ಆಗಲಿಲ್ಲ, ತೇವ ಮಾತ್ರ ತಂತಿಯ ಒಳಕ್ಕೆ ಇಳಿಯಿತು. ಇದಕ್ಕೆ ಬೇಕಿದ್ದದ್ದು ಹತ್ತಿ ಕಡ್ಡಿಗೆ ಮುಟ್ಟಿಸಿದ ವಿನೆಗರ್, ಆಮೇಲೆ ಶುದ್ಧ ನೀರು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಹಳೆಯ ಅಗ್ಗದ ಸತು-ಇಂಗಾಲದ ಬ್ಯಾಟರಿ ಸೋರಿದ್ದರೆ ಲೆಕ್ಕ ಉಲ್ಟಾ. ಅದರದ್ದು ಆಮ್ಲದ ಗುಣ, ಅಲ್ಲಿ ಸೋಡಾ ನಡೆಯುತ್ತದೆ. ಬ್ಯಾಟರಿಯ ಮೇಲಿನ ಬರಹ ಓದದೆ ಕೈ ಹಾಕಬಾರದು ಎಂಬಷ್ಟು ಸಣ್ಣ ವಿಷಯಕ್ಕೆ ನಾನು ಒಂದು ಒಳ್ಳೆಯ ಎಕ್ಸ್‌ಪಿ ತೆತ್ತೆ.

ಕ್ಷಾರ ತಂತಿಯ ಪ್ಲಾಸ್ಟಿಕ್ಕಿನ ಒಳಗೇ ತೆವಳಿ ಮೇಲೇರುತ್ತದೆ. ತುದಿ ಹೊಳೆಯುತ್ತಿದೆ ಎಂದು ಬಿಡದೆ, ಸ್ವಲ್ಪ ಸುಲಿದು ನೋಡಿ. ಒಳಗಿನ ತಾಮ್ರ ಕಪ್ಪಾಗಿದ್ದರೆ ಆ ತಂತಿಗೆ ಬೆಸುಗೆ ಕೂರುವುದಿಲ್ಲ, ಎಷ್ಟು ಫ್ಲಕ್ಸ್ ಸುರಿದರೂ.

3. ಬ್ಯಾಟರಿ ತೆಗೆದಿರುವಾಗ ಆನ್ ಒತ್ತಬೇಡಿ

ಬ್ಯಾಟರಿ ಬದಲಿಸುವ ಹೊತ್ತಿನಲ್ಲಿ ರ‍್ಯಾಮಿನಲ್ಲಿರುವುದನ್ನು ಕಾಯುವುದು ಒಳಗಿನ ಕೆಪಾಸಿಟರಿನಲ್ಲಿ ಉಳಿದ ಚೂರು ವಿದ್ಯುತ್ತು. ಮಲಗಿರುವ ರ‍್ಯಾಮಿಗೆ ಅದು ಸ್ವಲ್ಪ ಹೊತ್ತು ಸಾಕು. ಎದ್ದು ಕೂರುವ ಪ್ರೊಸೆಸರಿಗೆ ಸಾಲದು. ನಾನು ಹೊಸ ಬ್ಯಾಟರಿಯ ಪ್ಲಾಸ್ಟಿಕ್ ಹಾಳೆ ಹಲ್ಲಿನಿಂದ ಹರಿಯುತ್ತಾ ಇನ್ನೊಂದು ಕೈಯಲ್ಲಿ ಸುಮ್ಮನೆ ಆನ್ ಒತ್ತಿದ್ದೆ. ಒಂದು ತಿಂಗಳ ಪ್ರೋಗ್ರಾಮು ಹೋಯಿತು. ಈಗ ಹೊಸದರ ಹೊದಿಕೆ ಬಿಚ್ಚಿ ಎದುರಿಗಿಟ್ಟುಕೊಂಡ ಮೇಲೆಯೇ ಹಳೆಯದಕ್ಕೆ ಕೈ ಹಾಕುವುದು.

4. ಈ ಯಂತ್ರದಲ್ಲಿ ಓದುವುದೂ ಒಂದು ಕೆಲಸ

ಸಾಫ್ಟ್‌ವೇರಿನವಳೆಂಬ ಜಂಬ ಇಳಿದದ್ದು ಇಲ್ಲಿ. ಯಂತ್ರದ ಮೆಮೊರಿಯನ್ನು ತುದಿಯಿಂದ ತುದಿಗೆ ನಕಲು ಮಾಡಿಟ್ಟುಕೊಳ್ಳಬೇಕು ಅನ್ನಿಸಿತು. 16 ಬಿಟ್ಟಿನ ವಿಳಾಸ, ಒಟ್ಟು 65,536 ಜಾಗ. ಮೇಲಿನ ಅರ್ಧದಲ್ಲಿ 32 ಕಿಲೋಬೈಟಿನ ರಾಮ್, ಎಂದರೆ ಓದಲಷ್ಟೇ ಬರುವ ಮೆಮೊರಿ. ಯಂತ್ರದ ಒಳಗೇ ಓಪಿಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದೆ, ಅದರಿಂದ ಕರೆಯುವಂತೆ ಮಷೀನ್ ಕೋಡಿನ ಪುಟ್ಟ ತುಣುಕು ಬರೆದೆ: ಸೊನ್ನೆಯಿಂದ ಶುರು ಮಾಡು, ಒಂದೊಂದೇ ಬೈಟು ಓದು, ಮುಂದೆ ಹೋಗು. ಓದುವುದಷ್ಟೇ, ಬರೆಯುವುದು ಏನೂ ಇಲ್ಲ. ಅಪಾಯ ಎಲ್ಲಿಂದ ಬರಬೇಕು?

ಓಡಿಸಿದ ತಕ್ಷಣ ಯಂತ್ರ ಆಫ್ ಆಯಿತು. ಬ್ಯಾಟರಿ ಎಂದುಕೊಂಡೆ, ಬದಲಿಸಿದೆ. ಮತ್ತೆ ಆಫ್. ಗೂಡಿನ ಸ್ಪ್ರಿಂಗ್ ಸಡಿಲ ಎಂದುಕೊಂಡೆ, ಬಗ್ಗಿಸಿದೆ. ಮತ್ತೆ ಆಫ್. ಕೊನೆಗೆ ಸೈಯಾನ್‌ನವರ ಟೆಕ್ನಿಕಲ್ ಕೈಪಿಡಿಯನ್ನು ಮೊದಲ ಪುಟದಿಂದ ಓದಲು ಕೂತೆ. ಮೆಮೊರಿಯ ಕೆಳಭಾಗದ ಕೆಲವು ವಿಳಾಸಗಳ ಹಿಂದೆ ಮೆಮೊರಿಯೇ ಇಲ್ಲ. ಅಲ್ಲಿರುವುದು ಸ್ವಿಚ್ಚುಗಳು. ಒಂದು ವಿಳಾಸವನ್ನು ಮುಟ್ಟಿದರೆ ಸಾಕು, ಯಂತ್ರ ಆಫ್. ಓದಲು ಮುಟ್ಟಿದೆಯೋ ಬರೆಯಲು ಮುಟ್ಟಿದೆಯೋ ಅದಕ್ಕೆ ಬೇಕಿಲ್ಲ. ಅದನ್ನು ದಾಟಿದರೆ ಮುಂದಿನದು ಹೆಚ್ಚಿನ ವೋಲ್ಟೇಜು ಹುಟ್ಟಿಸುವ ಪಂಪಿನ ಸ್ವಿಚ್ಚು, ಆಮೇಲೆ ಬೀಪರಿನದು, ಆಮೇಲೆ ಕೀಲಿಮಣೆಯ ಕೌಂಟರಿನದು. ನನ್ನ ಪ್ರೋಗ್ರಾಮು ಕತ್ತಲಲ್ಲಿ ಗೋಡೆ ತಡವುತ್ತಾ ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದಿತ್ತು.

ಇದನ್ನು ಕಂಡಾಗ ಸಿಟ್ಟು ಬಂತು, ಯಾರಾದರೂ ಹೀಗೆ ಮಾಡುತ್ತಾರಾ ಎಂದು. ಆದರೆ ಓದಿಗೂ ಬರಹಕ್ಕೂ ಬೇರೆ ಬೇರೆ ದಾರಿ ಮಾಡಬೇಕಾದರೆ ಚಿಪ್ಪಿನಲ್ಲಿ ಇನ್ನಷ್ಟು ಗೇಟುಗಳು ಬೇಕು. ಕಿಸೆಗೆ ಹೋಗುವ ಯಂತ್ರದಲ್ಲಿ ಪ್ರತಿ ಗೇಟಿಗೂ ಜಾಗದ, ಕಾಸಿನ, ಕರೆಂಟಿನ ಲೆಕ್ಕವಿತ್ತು. ನಾನು ದೋಷ ಎಂದುಕೊಂಡ ಎಷ್ಟೋ ಸಂಗತಿಗಳು ಬಿಡಿಸುತ್ತಾ ಹೋದಂತೆ ಇಂಥ ಲೆಕ್ಕಗಳಾಗಿಯೇ ಹೊರಬಿದ್ದವು.

ಇನ್ನೊಂದು ಸಲ, ಆಫ್ ಆಗಿರುವ ಯಂತ್ರ ಎಷ್ಟು ಕರೆಂಟು ಕುಡಿಯುತ್ತದೆ ನೋಡೋಣವೆಂದು ಮೀಟರ್ ಸಿಕ್ಕಿಸಿ ಇಟ್ಟಿದ್ದೆ. ಮೈಕ್ರೊ ಆಂಪಿಯರುಗಳಲ್ಲಿ ತಣ್ಣಗಿದ್ದ ಮುಳ್ಳು ಬಹಳ ಹೊತ್ತಿಗೊಮ್ಮೆ ಗಕ್ಕನೆ ಜಿಗಿದು ಮತ್ತೆ ಮಲಗುತ್ತಿತ್ತು. ಎಲ್ಲೋ ಶಾರ್ಟ್ ಇದೆ ಎಂದು ಬೋರ್ಡೆಲ್ಲ ಹುಡುಕಿದೆ. ಶಾರ್ಟ್ ಅಲ್ಲ, ಅದು ಗಡಿಯಾರ. ಯಂತ್ರ ಎಚ್ಚರವಿದ್ದಾಗ ಸೆಕೆಂಡಿಗೊಂದು ಮಿಡಿತ ಪ್ರೊಸೆಸರಿಗೆ ಹೋಗುತ್ತದೆ. ಮಲಗಿದಾಗ ಅದೇ ಮಿಡಿತವನ್ನು ಕೀಲಿಮಣೆ ತಡವಲು ಇಟ್ಟ ಕೌಂಟರಿನ ಕಡೆಗೆ ತಿರುಗಿಸುತ್ತಾರೆ. ಮಲಗಿದ ಯಂತ್ರದ ಕೀಲಿ ಯಾರೂ ಒತ್ತುವುದಿಲ್ಲವಲ್ಲ, ಅದು ಹೇಗೂ ಖಾಲಿ. ಕೌಂಟರ್ ತುಂಬಿದಾಗ ಪ್ರೊಸೆಸರ್ ಒಂದು ಗಳಿಗೆ ಎದ್ದು, ಕಳೆದ ಸೆಕೆಂಡುಗಳನ್ನು ಸಮಯಕ್ಕೆ ಕೂಡಿಸಿ, ಮತ್ತೆ ಮಲಗುತ್ತದೆ. ಪ್ರತ್ಯೇಕ ಗಡಿಯಾರದ ಚಿಪ್ಪಿನ ಖರ್ಚು ಉಳಿಯಿತು. ಇದನ್ನು ಯೋಚಿಸಿದವರ ಕೈ ಕುಲುಕಬೇಕು ಅನ್ನಿಸುತ್ತದೆ.

5. ಡೇಟಾಪ್ಯಾಕಿನಲ್ಲಿ ಅಳಿಸಿದ್ದು ಅಳಿದಿರುವುದಿಲ್ಲ

ಆರ್ಗನೈಸರಿನ ಬೆನ್ನಿಗೆ ಎರಡು ಕಿಂಡಿಗಳಿವೆ, ಬಿ ಮತ್ತು ಸಿ. ಎ ಎಂದರೆ ಒಳಗಿನ ರ‍್ಯಾಮ್. ಕಿಂಡಿಗಳಿಗೆ ಡೇಟಾಪ್ಯಾಕ್ ಎಂಬ ಬೆಂಕಿಪೊಟ್ಟಣದಂಥ ತುಂಡು ಕೂರುತ್ತದೆ. ಅದರ ಒಳಗಿರುವುದು ಇಪ್ರಾಮ್ ಎಂಬ ಮೆಮೊರಿ ಚಿಪ್ಪು. ಫ್ಲ್ಯಾಶ್ ಮೆಮೊರಿ ಅಗ್ಗವಾಗುವ ಮುಂಚಿನ ಕಾಲ. ಬ್ಯಾಟರಿ ಇಲ್ಲದೆಯೂ ನೆನಪಿಟ್ಟುಕೊಳ್ಳುವ, ಕಿಸೆಯಲ್ಲಿಟ್ಟು ತಿರುಗಬಹುದಾದ ವಸ್ತು ಬೇಕೆಂದರೆ ಸಿಗುತ್ತಿದ್ದದ್ದು ಇದೇ.

ಪ್ಯಾಕನ್ನು ಮೊದಲ ಸಲ ಬಿಚ್ಚಿದಾಗ ನನಗೆ ತಲೆಬುಡ ತಿಳಿಯಲಿಲ್ಲ. 8 ಕಿಲೋಬೈಟಿನ ಚಿಪ್ಪಿಗೆ ವಿಳಾಸ ಹೇಳಲು 13 ತಂತಿ ಬೇಕು, ದತ್ತಾಂಶಕ್ಕೆ ಇನ್ನು 8. ಕನೆಕ್ಟರಿನಲ್ಲಿ ಇರುವುದು ಒಟ್ಟು 16 ಪಿನ್ನು. ವಿಳಾಸದ ತಂತಿಗಳೇ ಇಲ್ಲ! ಪ್ಯಾಕಿನ ಒಳಗೊಂದು ಕೌಂಟರ್ ಕೂತಿದೆ. ಯಂತ್ರ ಅದನ್ನು ಸೊನ್ನೆಗೆ ತಂದು, ಒಂದೊಂದು ಮಿಡಿತಕ್ಕೆ ಒಂದೊಂದು ಮನೆ ಮುಂದೆ ತಳ್ಳುತ್ತದೆ. ಐದು ಸಾವಿರದನೆಯ ಬೈಟು ಬೇಕೆಂದರೆ ಐದು ಸಾವಿರ ಸಲ ತಳ್ಳಬೇಕು. ದೊಡ್ಡ ಪ್ಯಾಕುಗಳಲ್ಲಿ ಅಷ್ಟೊಂದು ನಡೆಯಬಾರದೆಂದು ಪುಟ ದಾಟಿಸುವ ಇನ್ನೊಂದು ಕೌಂಟರ್ ಇಟ್ಟರು. ಫೈಂಡ್ ಒತ್ತಿ ಹೆಸರು ಹುಡುಕುವಾಗ ಪರದೆ ಯೋಚಿಸುತ್ತಾ ನಿಲ್ಲುತ್ತದಲ್ಲ, ಆಗ ಒಳಗೆ ನಡೆಯುತ್ತಿರುವುದು ಈ ಎಣಿಕೆ.

ಇಪ್ರಾಮಿನ ಸ್ವಭಾವವೇ ಒಮ್ಮುಖದ್ದು. ಖಾಲಿ ಚಿಪ್ಪಿನಲ್ಲಿ ಎಲ್ಲ ಬಿಟ್ಟುಗಳೂ 1. ಬರೆಯುವುದು ಎಂದರೆ ಬೇಕಾದ ಕಡೆ 1ನ್ನು 0 ಮಾಡುವುದು. 0ಯನ್ನು ಮತ್ತೆ 1 ಮಾಡುವ ಶಕ್ತಿ ಯಂತ್ರಕ್ಕಿಲ್ಲ. ಹಾಗಾದರೆ ಅಳಿಸು ಎಂದಾಗ ಏನು ಮಾಡುತ್ತದೆ? ಪ್ರತಿ ದಾಖಲೆಯ ತಲೆಯಲ್ಲಿ ಅದರ ಉದ್ದ ಹೇಳುವ ಒಂದು ಬೈಟು, ಬಗೆ ಹೇಳುವ ಒಂದು ಬೈಟು ಇರುತ್ತವೆ. ಬಗೆಯ ಬೈಟಿನ ಎಡತುದಿಯ ಬಿಟ್ಟನ್ನು 0 ಮಾಡಿಬಿಡುತ್ತದೆ, ಅಷ್ಟೇ. ಇನ್ನು ಮುಂದೆ ಹುಡುಕುವಾಗ ಅಂಥ ದಾಖಲೆಯನ್ನು ಹಾರಿಸಿಕೊಂಡು ಹೋಗುತ್ತದೆ. ಒಂದು ಫೋನ್ ನಂಬರು ತಿದ್ದಿದರೂ ಹಳೆಯದಕ್ಕೆ ಅಳಿದ ಗುರುತು ಹಾಕಿ, ಹೊಸದನ್ನು ಕೊನೆಯಲ್ಲಿ ಪೂರ್ತಿಯಾಗಿ ಬರೆಯುತ್ತದೆ. ಹಾಗಾಗಿ ತಿದ್ದಿದಷ್ಟೂ ಪ್ಯಾಕು ತುಂಬುತ್ತದೆ. ಅಳಿಸಿ ಜಾಗ ಮಾಡಿಕೊಳ್ಳುತ್ತೇನೆ ಎಂದು ಹೊರಟವರಿಗೆ ಒಂದು ಬೈಟೂ ವಾಪಸು ಸಿಗುವುದಿಲ್ಲ.

ಸಂತೆಯಲ್ಲಿ ಕೊಂಡ ಪ್ಯಾಕಿನಲ್ಲಿ ಇದರ ಅರ್ಥ ಏನು ಎಂಬುದು ನನಗೆ ತಡವಾಗಿ ಹೊಳೆಯಿತು. ಒಂದು ಪ್ಯಾಕು ಯಾರೋ ಬಾಯ್ಲರ್ ರಿಪೇರಿಯವರದು. ಗಿರಾಕಿಗಳ ಹೆಸರು, ಬೀದಿ, ಬಾಯ್ಲರಿನ ಮಾದರಿ, ಯಾರು ದುಡ್ಡು ಬಾಕಿ, ನಡುವೆ ಮಗಳ ಶಾಲೆಯ ನಾಟಕದ ದಿನಾಂಕ. ಅಳಿಸಿದ್ದೂ ಸೇರಿ ಎಲ್ಲವೂ ಓದಲು ಬರುತ್ತಿತ್ತು. ನನಗೆ ಅದರಲ್ಲಿ ರುಚಿ ಕಂಡದ್ದು ಫೋನ್ ನಂಬರುಗಳು. ಲಂಡನ್ನಿನ ಕೋಡ್ 1990ರ ಮೇ ತನಕ 01 ಇತ್ತು, ಆಮೇಲೆ 071 ಮತ್ತು 081 ಆಯಿತು. 1995ರ ಏಪ್ರಿಲ್‌ನಲ್ಲಿ ದೇಶದ ಬಹುತೇಕ ಊರು ಕೋಡುಗಳಲ್ಲಿ ಸೊನ್ನೆಯ ಪಕ್ಕ ಒಂದು 1 ಸೇರಿತು. ಅದೇ ಗಿರಾಕಿಯ ಹೆಸರಿನಲ್ಲಿ ಅಳಿಸಿದ ದಾಖಲೆಯಲ್ಲಿ 01, ಉಳಿದ ದಾಖಲೆಯಲ್ಲಿ 081. ಆ ಮನುಷ್ಯ ಕೂತು ಒಂದೊಂದನ್ನೇ ತಿದ್ದಿದ್ದಾನೆ, ಒಂದೊಂದು ತಿದ್ದುಪಡಿಗೂ ಪ್ಯಾಕಿನ ಜಾಗ ತೆತ್ತಿದ್ದಾನೆ. ಪ್ಯಾಕಿನ ವಯಸ್ಸು ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ ಎಂದು ಹಿಗ್ಗಿ, ಆಫೀಸಿನ ಊಟದ ಬಿಡುವಿನಲ್ಲಿ ಕೊಟ್ಟ ಪುಟ್ಟ ಭಾಷಣದಲ್ಲಿ ಆ ದಾಖಲೆಗಳನ್ನು ಹಾಗೆಹಾಗೇ ತೆರೆಯ ಮೇಲೆ ತೋರಿಸಿದೆ. ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಕೋಡ್ ಬದಲಾದರೂ ಮುಂದಿನ ಅಂಕಿ ಅದೇ ಅಲ್ಲವಾ? ಆ ಮನೆಯವರು ಇನ್ನೂ ಅಲ್ಲೇ ಇದ್ದರೆ?"

ಉತ್ತರ ನನ್ನ ಬಳಿ ಇರಲಿಲ್ಲ. ಆಮೇಲೆ ನಾನು ಮಾಡಿಕೊಂಡ ನಿಯಮ ಇಷ್ಟು: ಪ್ಯಾಕಿನಲ್ಲಿ ಓಪಿಎಲ್ ಪ್ರೋಗ್ರಾಮು ಇದ್ದರೆ ಇಟ್ಟುಕೊಳ್ಳುವುದು, ಹೆಸರು-ವಿಳಾಸ ಇದ್ದರೆ ನಕಲು ಮಾಡದೆ ಪೂರ್ತಿ ಅಳಿಸುವುದು. ಹಳೆಯ ಯಂತ್ರಗಳ ಬಗ್ಗೆ ಇತಿಹಾಸ ಇತಿಹಾಸ ಎಂದು ಹಾರಾಡುವ ನಮ್ಮಂಥವರಿಗೆ ಇದು ಸ್ವಲ್ಪ ಕಹಿಯೇ. ಆದರೂ ಸರಿ.

6. ಎಲ್ಲ ನೇರಳಾತೀತವೂ ಒಂದಲ್ಲ

ಪೂರ್ತಿ ಅಳಿಸುವುದು ಎಂದೆನಲ್ಲ, ನನ್ನ ಅತಿ ಹೆಚ್ಚು ಸಮಯ ತಿಂದದ್ದು ಅದೇ. ಇಪ್ರಾಮಿನ ಪ್ರತಿ ಬಿಟ್ಟಿನಲ್ಲೂ ಸುತ್ತ ನಿರೋಧಕ ಹೊದಿಸಿದ ಒಂದು ತೇಲುವ ಗೇಟು. ಬರೆಯುವಾಗ ಹೆಚ್ಚಿನ ವೋಲ್ಟೇಜಿನಿಂದ ಎಲೆಕ್ಟ್ರಾನುಗಳನ್ನು ಅದರೊಳಗೆ ನುಗ್ಗಿಸುತ್ತಾರೆ. ಅವು ಅಲ್ಲೇ ಸಿಕ್ಕಿಬೀಳುತ್ತವೆ. ಬಿಡಿಸಬೇಕೆಂದರೆ ಚಿಪ್ಪಿನ ಬೆನ್ನಿನಲ್ಲಿರುವ ಸ್ಫಟಿಕದ ಕಿಟಕಿಯಿಂದ ನೇರಳಾತೀತ ಬೆಳಕು ಬಿಟ್ಟು, ಅವು ನಿರೋಧಕ ಹಾರಿ ಹೋಗುವಷ್ಟು ಚೈತನ್ಯ ಕೊಡಬೇಕು. ಸೈಯಾನ್‌ನವರು ಇದಕ್ಕೆಂದೇ ಫಾರ್ಮ್ಯಾಟರ್ ಎಂಬ ದೀಪದ ಪೆಟ್ಟಿಗೆ ಮಾರುತ್ತಿದ್ದರು. ನನಗೆ ಅದು ಸಿಗಲಿಲ್ಲ.

ಸಿಗದಿದ್ದರೇನು, ಉಗುರುಬಣ್ಣ ಒಣಗಿಸುವ ಯುವಿ ದೀಪ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆಯಲ್ಲ ಎಂದು ತಂದೆ. ಪ್ಯಾಕಿನ ಕವಚ ಬಿಚ್ಚಿ, ಚಿಪ್ಪನ್ನು ಅದರಡಿ ಇಟ್ಟೆ. ಇಡೀ ರಾತ್ರಿ ಇಟ್ಟೆ. ಬೆಳಗ್ಗೆ ಪ್ರತಿ ಬೈಟೂ ಇದ್ದಲ್ಲೇ ಇತ್ತು. ಉಗುರುಬಣ್ಣದ ದೀಪ ಕೊಡುವುದು 365ರಿಂದ 405 ನ್ಯಾನೊಮೀಟರಿನ ಸೌಮ್ಯ ಬೆಳಕು. ಇಪ್ರಾಮಿಗೆ ಬೇಕಾದದ್ದು 253.7, ಪಾದರಸದ ದೀಪ ಗಾಜಿನ ಬದಲು ಸ್ಫಟಿಕದ ಕೊಳವೆಯಲ್ಲಿ ಉರಿದಾಗ ಸಿಗುವಂಥದ್ದು. ಎರಡಕ್ಕೂ ಪೆಟ್ಟಿಗೆಯ ಮೇಲೆ ಬರೆಯುವುದು ಯುವಿ ಎಂದೇ.

ಚಿಪ್ಪು ತಯಾರಕರ ದತ್ತಾಂಶ ಹಾಳೆಗಳಲ್ಲಿ ಒಂದು ಎಚ್ಚರಿಕೆ ಇರುತ್ತದೆ: ಕಿಟಕಿಗೆ ಚೀಟಿ ಅಂಟಿಸಿಡಿ, ಇಲ್ಲವಾದರೆ ಟ್ಯೂಬ್‌ಲೈಟಿನ ಕೋಣೆಯಲ್ಲಿ ಸುಮಾರು ಮೂರು ವರ್ಷಕ್ಕೆ, ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರಕ್ಕೆ ಅಳಿಸಿಹೋದೀತು ಎಂದು. ನಾನು ಅದನ್ನು ಎಚ್ಚರಿಕೆಯಾಗಿ ಓದಲಿಲ್ಲ, ಅಡುಗೆಯ ವಿಧಾನವಾಗಿ ಓದಿದೆ. ಇಂಗ್ಲೆಂಡಿನಲ್ಲಿ ಒಂದು ವಾರದ ಬಿಸಿಲು ಕೂಡಿಸಲು ಎಷ್ಟು ತಿಂಗಳು ಬೇಕು ಎಂದು ಲೆಕ್ಕ ಹಾಕಿ, ಏಪ್ರಿಲ್ ರಜೆಯಲ್ಲಿ ಊರಿಗೆ ಹೋಗುವಾಗ ಚಿಪ್ಪುಗಳನ್ನು ಕಟ್ಟಿಕೊಂಡು ಹೊರಟೆ. ತಿಪಟೂರಿನಲ್ಲಿ ಅತ್ತೆಯವರು ಮಹಡಿಯ ಮೇಲೆ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದರು. ಮೂಲೆಯಲ್ಲಿ ಸ್ಟೀಲ್ ತಟ್ಟೆಯಲ್ಲಿ ನನ್ನ ಇಪ್ರಾಮುಗಳು, ಕಿಟಕಿ ಮೇಲೆ ಮಾಡಿ.

"ಏನಮ್ಮ ಇದು, ಇದ್ಕೂ ಬಿಸ್ಲು ಬೇಕಾ?" ಎಂದರು.

"ಹೂಂ ಅತ್ತೆ, ಹಳೇದು ಹೋಗ್ಬೇಕು."

"ಸಂಜೆ ನೀನೇ ಎತ್ತಿಡು ಮತ್ತೆ. ಕಾಗೆ ಎತ್ಕೊಂಡು ಹೋದ್ರೆ ನನ್ನ ಕೇಳ್ಬೇಡ."

ಕಾಗೆ ಎತ್ತಿಕೊಂಡು ಹೋಗಲಿಲ್ಲ. ರಜೆ ಮುಗಿಯುವ ಹೊತ್ತಿಗೆ ಸಂಡಿಗೆ ಡಬ್ಬಿ ಸೇರಿತ್ತು. ವಾಪಸು ಬಂದು ಓದಿ ನೋಡಿದರೆ ಚಿಪ್ಪು ಖಾಲಿ, ಎಲ್ಲವೂ 1! ಕುಣಿದಾಡಿ, ಪ್ಯಾಕಿಗೆ ವಾಪಸು ಹಾಕಿ, ಯಂತ್ರಕ್ಕೆ ಕೊಟ್ಟೆ. ಖಾಲಿ ಪ್ಯಾಕು ಸಿಕ್ಕಾಗ ಆರ್ಗನೈಸರ್ ಅದರ ಅಳತೆ ತೆಗೆದು ಮೊದಲ ಕೆಲವು ಬೈಟುಗಳಲ್ಲಿ ತಲೆಬರಹ ಬರೆಯುತ್ತದೆ. ಅದನ್ನೂ ಮಾಡಿತು. ನಾನು ಹೊಸ ದಾಖಲೆಗಳನ್ನು ತುಂಬಿದೆ. ಕೆಲವು ದಿನಗಳಲ್ಲಿ ಹೆಸರುಗಳ ನಡುವೆ ಎಂದೂ ಒತ್ತದ ಅಕ್ಷರಗಳು ಕಾಣಿಸಿಕೊಂಡವು. ಮತ್ತೆ ಓದಿದರೆ ಒಮ್ಮೆ ಸರಿ, ಒಮ್ಮೆ ತಪ್ಪು.

ಅಳಿಸುವಿಕೆ ಪೂರ್ತಿ ಆಗಿರಲಿಲ್ಲ. ಬಿಟ್ಟಿನೊಳಗೆ ಅರೆಬರೆ ಎಲೆಕ್ಟ್ರಾನು ಉಳಿದರೆ, ಅದು 1 ಎಂದೋ 0 ಎಂದೋ ಓದಿಸಿಕೊಳ್ಳುವುದು ವೋಲ್ಟೇಜಿನ, ಉಷ್ಣತೆಯ ಮೇಲೆ ನಿಲ್ಲುತ್ತದೆ. ಪ್ರೋಗ್ರಾಮರ್ ಸಾಧನದಲ್ಲಿ 5 ವೋಲ್ಟಿನಲ್ಲಿ ಓದಿದಾಗ ಖಾಲಿ ಎಂದ ಅದೇ ಬಗೆಯ ಚಿಪ್ಪು, 4.5ಕ್ಕೆ ಇಳಿಸಿ ಓದಿದಾಗ ಅಲ್ಲಲ್ಲಿ ಹಳೆಯ ಸೊನ್ನೆಗಳನ್ನು ತೋರಿಸಿತು. ಖಾಲಿ ಎಂದು ಕಂಡ ಮೇಲೂ ಇನ್ನಷ್ಟು ಹೊತ್ತು ಬೆಳಕಿನಲ್ಲಿ ಬಿಡಬೇಕು ಎಂದು ಈ ಕಸುಬಿನವರೆಲ್ಲ ಹೇಳುತ್ತಾರೆ, ನಾನೇ ಕೇಳಿಸಿಕೊಂಡಿರಲಿಲ್ಲ.

ಕೊನೆಗೆ ಸರಿಯಾದ ಇಪ್ರಾಮ್ ಇರೇಸರ್ ಕೊಂಡೆ. ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ನೀವೂ ಕೊಳ್ಳುವುದಾದರೆ, ಮುಚ್ಚಳ ತೆರೆದ ತಕ್ಷಣ ದೀಪ ಆರುವಂಥದ್ದನ್ನೇ ಕೊಳ್ಳಿ. ಈ ಬೆಳಕು ಕಣ್ಣಿಗೆ ಬಿದ್ದರೆ ಆಗ ಏನೂ ಗೊತ್ತಾಗುವುದಿಲ್ಲ, ಕೆಲವು ಗಂಟೆ ಕಳೆದ ಮೇಲೆ ಕಣ್ಣಲ್ಲಿ ಮರಳು ಹೊಯ್ದ ಹಾಗೆ ಉರಿ ಶುರುವಾಗುತ್ತದೆ.

7. ಓದಲು ಸಾಕಾಗುವ ಬ್ಯಾಟರಿ ಬರೆಯಲು ಸಾಲದು

ಯಂತ್ರ ಆನ್ ಆಗುತ್ತದೆ, ಹುಡುಕುತ್ತದೆ, ಲೆಕ್ಕ ಮಾಡುತ್ತದೆ. ಪ್ಯಾಕಿಗೆ ಸೇವ್ ಎಂದ ತಕ್ಷಣ ಬ್ಯಾಟರಿ ಸಾಲದು ಎಂದು ಗೊಣಗುತ್ತದೆ. ನಾನು ಕಿಂಡಿಯ ಕನೆಕ್ಟರ್ ಕೆಟ್ಟಿದೆ ಎಂದು ಎಲ್ಲ ಪಿನ್ನುಗಳನ್ನೂ ತಿಕ್ಕಿ, ಒಂದನ್ನು ಮುರಿದೂ ಇಟ್ಟೆ. ಇಪ್ರಾಮಿಗೆ ಬರೆಯಲು ಬೇಕಾದದ್ದು ಸುಮಾರು 21 ವೋಲ್ಟು. 9 ವೋಲ್ಟಿನ ಬ್ಯಾಟರಿಯಿಂದ ಅದನ್ನು ಹುಟ್ಟಿಸಲು ಒಳಗೊಂದು ಪಂಪು ಇದೆ, ನಾಲ್ಕನೆಯ ಪಾಠದಲ್ಲಿ ಹೇಳಿದ ಸ್ವಿಚ್ಚಿನದು. ಅದು ಓಡುವಾಗ ಬ್ಯಾಟರಿಯಿಂದ ಜೋರಾಗಿ ಎಳೆಯುತ್ತದೆ. ಚೌಕ ಬ್ಯಾಟರಿಯ ಒಳಗಿರುವುದು 1.5 ವೋಲ್ಟಿನ ಆರು ಪುಟಾಣಿ ಸೆಲ್ಲುಗಳು. ಅರೆಜೀವದಲ್ಲಿರುವಾಗ ಜೋರಾಗಿ ಎಳೆದರೆ ಕುಸಿದು ಕೂರುತ್ತವೆ. ಅರ್ಧಂಬರ್ಧ ಬರೆದ ಬೈಟು ಪ್ಯಾಕಿನಲ್ಲಿ ಶಾಶ್ವತ, ತಿದ್ದಲು ಬರುವುದಿಲ್ಲ. ಅದಕ್ಕೇ ಯಂತ್ರ ಮೊದಲೇ ನಿರಾಕರಿಸುತ್ತದೆ. 9 ವೋಲ್ಟ್ ಎಂದು ಮಾರುವ ರೀಚಾರ್ಜಬಲ್ ಬ್ಯಾಟರಿಗಳಲ್ಲಿ ಅನೇಕವು ನಿಜದಲ್ಲಿ 8.4, ಕೆಲವು 7.2. ಅವನ್ನು ಹಾಕಿಕೊಂಡು ನನ್ನಂತೆ ಕನೆಕ್ಟರನ್ನು ಬೈಯಬೇಡಿ.

8. ಕೇಬಲ್ಲಿಗೂ ತಲೆ ಇದೆ

ಕಂಪ್ಯೂಟರಿಗೆ ಜೋಡಿಸಲು ಕಾಮ್ಸ್ ಲಿಂಕ್ ಎಂಬ ಕೇಬಲ್ ಬರುತ್ತಿತ್ತು, ಮೇಲ್ಭಾಗದ ಕಿಂಡಿಗೆ ಸಿಕ್ಕಿಸುವುದು. ಬಾರ್‌ಕೋಡ್ ಓದುವ ಕಡ್ಡಿ, ಪ್ರಿಂಟರ್ ಎಲ್ಲ ಅದೇ ಕಿಂಡಿಗೆ. ನಾನು ಕೇಬಲ್ಲಿನ ದಪ್ಪ ತುದಿಯನ್ನು ಬರೀ ಪ್ಲಗ್ಗು ಎಂದುಕೊಂಡು, ಇನ್ನೊಂದು ಸೀರಿಯಲ್ ಕೇಬಲ್ಲನ್ನು ಕತ್ತರಿಸಿ ನೇರ ಬೆಸೆದೆ. ಏನೂ ನಡೆಯಲಿಲ್ಲ. ಆ ದಪ್ಪ ತುದಿಯ ಹೊಟ್ಟೆಯಲ್ಲಿ ಒಂದು ರಾಮ್ ಚಿಪ್ಪು ಇದೆ, ಅದರಲ್ಲೇ ಸಂಪರ್ಕದ ತಂತ್ರಾಂಶ. ಸಿಕ್ಕಿಸಿ ಆನ್ ಕೀಲಿ ಒತ್ತಿದರೆ ಯಂತ್ರ ಅದನ್ನು ಒಳಗೆಳೆದುಕೊಳ್ಳುತ್ತದೆ, ಮೆನುವಿನಲ್ಲಿ ಕಾಮ್ಸ್ ಎಂಬ ಹೊಸ ಪದ ಮೂಡುತ್ತದೆ. ಸಿಕ್ಕಿಸಿದರೆ ತಾನೇ ಪರಿಚಯ ಹೇಳಿಕೊಳ್ಳುವ ಸಾಧನಗಳು ಮೇಜಿನ ಕಂಪ್ಯೂಟರಿನವರಿಗೆ ಮಾಮೂಲಾಗಲು ಇನ್ನೂ ವರ್ಷಗಳು ಬೇಕಿದ್ದವು. ಅಂದಹಾಗೆ, ಪ್ಯಾಕಾಗಲಿ ಕೇಬಲ್ಲಾಗಲಿ, ಯಂತ್ರ ಆನ್ ಇರುವಾಗ ಕೀಳಬೇಡಿ.

9. ರ‍್ಯಾಮ್‌ಪ್ಯಾಕ್ ಕೊಳ್ಳುವ ಮುಂಚೆ ಸೆಲ್ಲಿನ ವಯಸ್ಸು ಯೋಚಿಸಿ

ಇಪ್ರಾಮಿನ ಗೋಳು ಬೇಡವೆನ್ನುವವರಿಗೆ ಸೈಯಾನ್ 32 ಕಿಲೋಬೈಟಿನ ರ‍್ಯಾಮ್‌ಪ್ಯಾಕ್ ತಂದಿತು. ಎಷ್ಟು ಸಲ ಬೇಕಾದರೂ ಅಳಿಸಿ ಬರೆಯಬಹುದು, ನೆನಪು ಕಾಯಲು ಒಳಗೊಂದು ಲಿಥಿಯಂ ಸೆಲ್. ಹರಾಜಿನಲ್ಲಿ ಇದಕ್ಕೆ ಒಳ್ಳೆಯ ಬೆಲೆ ಕೊಟ್ಟು ಬೀಗಿದ್ದೆ. ಕಾರ್ಖಾನೆಯಲ್ಲಿ ಹಾಕಿದ ಸೆಲ್ ಇಷ್ಟು ವರ್ಷ ಬದುಕಿರುತ್ತದೆಯೇ? ಯಂತ್ರದಲ್ಲಿ ಇರುವ ತನಕ ಎಲ್ಲ ಸರಿ, ಹೊರಗೆ ತೆಗೆದ ಕೂಡಲೇ ಬರೆದದ್ದೆಲ್ಲ ಮಾಯ. ಸೆಲ್ ಬದಲಿಸುವಾಗ ಕಡ್ಡಿಯ ಕಾವಿಗೆ ಬೋರ್ಡಿನ ತಾಮ್ರದ ಪಟ್ಟಿ ಎದ್ದು ಬಂತು. ಈಗ ಒಂದು ತೆಳು ತಂತಿ ಹಾಯಿಸಿ ಹೇಗೋ ಓಡಿಸುತ್ತಿದ್ದೇನೆ. ಅದೇ ಮೇಜಿನ ಮೇಲಿರುವ ಬಾಯ್ಲರಿನವರ ಡೇಟಾಪ್ಯಾಕಿಗೆ ಸೆಲ್ಲೂ ಇಲ್ಲ, ತಂತಿಯೂ ಇಲ್ಲ. ಅದನ್ನು ಇನ್ನೂ ಇರೇಸರಿಗೆ ಹಾಕಿಲ್ಲ. ಈ ವಾರ ಹಾಕಬೇಕು.